ಡ್ರಾಯಿಂಗ್ ಪಾಠ ನಡೆದು ಬಂದ ದಾರಿ

ವಿಶಾಖಪಟ್ಟಣದ ಒನ್ ಟೌನ್ ಎಂದರೆ ಇಲ್ಲಿಯ ಹಳೆಯ ಊರು. ಬಂದರಿನ ಕಾಲುವೆಯ ಆಚೆಗೆ ಡಾಲ್ಫಿನ್ಸ್ ನೋಸ್ ಗುಡ್ಡ, ಈಚೆಗೆ ಕುರುಪಾಂ ಮಾರ್ಕೆಟ್ಟು, ಅಕ್ಕಪಕ್ಕದ ಮೂರು ಸಣ್ಣ ಗುಡ್ಡಗಳ ಮೇಲೆ ಒಂದು ಇಗರ್ಜಿ, ಒಂದು ದರ್ಗಾ, ಒಂದು ವೆಂಕಟೇಶ್ವರನ ಗುಡಿ. ಕಚೇರಿ, ಬಂದರು, ಹಡಗುಕಟ್ಟೆ, ಉಕ್ಕಿನ ಕಾರ್ಖಾನೆ ಎಂದು ಒಂದಲ್ಲ ಒಂದು ನೆಪದಿಂದ ಕನ್ನಡನಾಡು ಬಿಟ್ಟು ಬಂದು ಈ ಊರಿನಲ್ಲಿ ನೆಲೆಸಿದ ಕೆಲವು ಸಂಸಾರಗಳು ಸೇರಿ, ಭಾನುವಾರದ ಬೆಳಿಗ್ಗೆ ಇಲ್ಲಿಯ ಶಾಲೆಯೊಂದರ ಕೊಠಡಿಯಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತ ಬಂದಿದ್ದೇವೆ. ಬರಿಯ ಕಾಗುಣಿತಕ್ಕೆ ಮಕ್ಕಳು ನಿಲ್ಲುವುದಿಲ್ಲವೆಂದು ಕಂಡಾಗ, ಎರಡನೆಯ ಗಂಟೆಯನ್ನು ಚಿತ್ರಕಲೆಗೆ ಬಿಡುವುದೆಂದು ತೀರ್ಮಾನವಾಯಿತು. ಆ ಗಂಟೆಯ ಹೊಣೆ ನಮ್ಮ ಹೆಗಲಿಗೆ ಬಿತ್ತು.

ಕಡತಗಳ ಮೇಲೆ ಟಿಪ್ಪಣಿ ಬರೆದು ಅಭ್ಯಾಸವಿದ್ದ ನಮಗೆ ಚಿತ್ರ ಬರೆದು ಅಭ್ಯಾಸವಿರಲಿಲ್ಲ. ಸುಲಭದ ದಾರಿ ಹಿಡಿದೆವು. ಗಣಪತಿಯ ಗೆರೆಚಿತ್ರವೊಂದನ್ನು ಜೆರಾಕ್ಸ್ ಮಾಡಿಸಿ, ಮಕ್ಕಳಿಗೆಲ್ಲ ಹಂಚಿ, ಬಣ್ಣ ತುಂಬಿರೆಂದೆವು. ಹದಿನೈದೇ ನಿಮಿಷದಲ್ಲಿ ಕೆಲಸ ಮುಗಿಯಿತು. ಇಪ್ಪತ್ತಾರು ಗಣಪತಿಗಳು ಗೋಡೆಯ ಮೇಲೆ ಸಾಲಾಗಿ ನಿಂತರು. ಎಲ್ಲರಿಗೂ ಅದೇ ಹೊಟ್ಟೆ, ಅದೇ ಸೊಂಡಿಲು, ಅದೇ ಕಿತ್ತಳೆ ಬಣ್ಣ. ಯಾವುದು ಯಾರದೆಂದು ಬರೆದ ಮಕ್ಕಳಿಗೇ ಗುರುತು ಸಿಗಲಿಲ್ಲ. ಆರು ವರ್ಷದ ಹುಡುಗಿಯೊಬ್ಬಳು ಬಂದು, "ಅಂಕಲ್, ಗಣಪತಿ ಆಯ್ತು, ಈಗ ಏನ್ ಮಾಡೋದು?" ಎಂದಳು. ಉಳಿದ ಮುಕ್ಕಾಲು ಗಂಟೆ ಗದ್ದಲದಲ್ಲಿ ಕಳೆಯಿತು.

ಆ ಮಗುವಿನ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮಾದರಿಯನ್ನು ಮುಂದಿಟ್ಟು ನಕಲು ತೆಗೆಸುವುದೇ ಚಿತ್ರಕಲೆಯ ಪಾಠವೆಂಬ ಭಾವನೆ ನಮ್ಮ ತಲೆಗೆ ಎಲ್ಲಿಂದ ಬಂತು? ನಮಗೂ ಚಿಕ್ಕಂದಿನಲ್ಲಿ ಹೀಗೆಯೇ ಕಲಿಸಿದ್ದರು. ಕರಿಹಲಗೆಯ ಮೇಲೆ ಡ್ರಾಯಿಂಗ್ ಮೇಷ್ಟ್ರು ಹೂಜಿ ಬರೆಯುತ್ತಿದ್ದರು, ನಾವು ಹೂಜಿ ಬರೆಯುತ್ತಿದ್ದೆವು. ಆ ಮೇಷ್ಟ್ರಿಗೆ ಅವರ ಮೇಷ್ಟ್ರು ಹೇಳಿಕೊಟ್ಟದ್ದೂ ಅದೇ ಹೂಜಿ. ಈ ಹೂಜಿಯ ಮೂಲವನ್ನು ಹುಡುಕುತ್ತ ಹೋದಾಗ ತಿಳಿದುಬಂದ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಚರಿತ್ರೆ ತಿಳಿದರೆ ತಪ್ಪು ತಿದ್ದಿಕೊಳ್ಳಲು ದಾರಿ ಕಾಣುತ್ತದೆಂಬ ನಂಬಿಕೆಯೇ ಇದಕ್ಕೆ ಕಾರಣ.

ಹೂಜಿ ಬಂದ ಬಗೆ

ಒನ್ ಟೌನಿನ ಸೇಂಟ್ ಅಲೋಷಿಯಸ್ ಶಾಲೆ 1847ರಲ್ಲಿ ಆರಂಭವಾಯಿತು. ಅದಾಗಿ ಮೂರು ವರ್ಷಕ್ಕೆ, 1850ರಲ್ಲಿ, ಮದರಾಸಿನಲ್ಲಿ ಅಲೆಗ್ಸಾಂಡರ್ ಹಂಟರ್ ಎಂಬ ವೈದ್ಯರು ಸ್ವಂತ ಆಸಕ್ತಿಯಿಂದ ಒಂದು ಕಲಾಶಾಲೆಯನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಸರ್ಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಮುಂದೆ 1857ರಲ್ಲಿ ಮುಂಬಯಿಯಲ್ಲಿ ಜೆ. ಜೆ. ಕಲಾಶಾಲೆ ಬಂತು. ಇವೆಲ್ಲ ಹುಟ್ಟಿದ ಕಾಲದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಿಗೆ ಒಂದು ಚಿಂತೆ ಹತ್ತಿತ್ತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ, ತಮ್ಮ ಯಂತ್ರಗಳಲ್ಲಿ ತಯಾರಾದ ಬಟ್ಟೆ ಪಾತ್ರೆಗಳಿಗಿಂತ ಭಾರತದ ಕುಶಲಕರ್ಮಿಗಳ ಕೈಕೆಲಸದ ವಿನ್ಯಾಸ ಎಷ್ಟೋ ಮೇಲೆಂಬುದು ಅಲ್ಲಿಯ ಕೆಲವು ಪರಿಣತರಿಗೇ ಮನವರಿಕೆಯಾಯಿತು. ಜನರ ಕಣ್ಣಿಗೂ ಕೈಗೂ ಶಿಸ್ತು ಬರಬೇಕೆಂದು ಹೆನ್ರಿ ಕೋಲ್ ಮೊದಲಾದವರು ಸೌತ್ ಕೆನ್ಸಿಂಗ್ಟನ್ ಎಂಬಲ್ಲಿಂದ ಒಂದು ಪದ್ಧತಿಯನ್ನು ಹೊರಡಿಸಿದರು. ಮೊದಲು ನೇರ ಗೆರೆ, ಆಮೇಲೆ ಬಾಗಿದ ಗೆರೆ, ಆಮೇಲೆ ಅಚ್ಚಿನ ಹಾಳೆಯಲ್ಲಿರುವ ಅಲಂಕಾರದ ನಕಲು, ಆಮೇಲೆ ಘನಾಕೃತಿ ಮತ್ತು ಪಾತ್ರೆಗಳ ಚಿತ್ರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಲಿಯಬೇಕು. ಮಗುವಿನ ಮನಸ್ಸಿನಲ್ಲಿ ಏನಿದೆ ಎಂಬ ಪ್ರಶ್ನೆ ಆ ಪದ್ಧತಿಯಲ್ಲಿ ಏಳುವುದೇ ಇಲ್ಲ.

ಭಾರತದ ಕಸುಬುದಾರರ ಕೈಯನ್ನು ಮೆಚ್ಚಿಕೊಂಡು ಹುಟ್ಟಿದ ಪದ್ಧತಿಯೇ ಭಾರತದ ಮಕ್ಕಳಿಗೆ ಇಂಗ್ಲೆಂಡಿನ ಹೂಜಿಯ ನಕಲಾಗಿ ಮರಳಿ ಬಂತೆಂಬುದು ವಿಚಿತ್ರವಾದರೂ ನಿಜ. ಸರ್ಕಾರಕ್ಕೆ ಬೇಕಾಗಿದ್ದವರು ನಕ್ಷೆ ತೆಗೆಯುವವರು, ಮೋಜಣಿಯವರು, ಓವರ್‌ಸಿಯರುಗಳು. ಆ ಕೆಲಸಕ್ಕೆ ಅಳೆದು ಬರೆಯುವ ಕೈ ಬೇಕು, ಕಲ್ಪಿಸುವ ಕೈ ಬೇಡ. ಸರ್ಕಾರದ ಅಗತ್ಯವೇ ಶಾಲೆಯ ಪಠ್ಯವಾಯಿತು. ಹಾಗೆಂದು ಆ ಪದ್ಧತಿಯನ್ನು ಪೂರ್ತಿ ಹಳಿಯುವುದೂ ನ್ಯಾಯವಲ್ಲ. ಎದುರಿಗಿರುವ ವಸ್ತುವನ್ನು ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಉದ್ದಕ್ಕೆ ಹಿಡಿದು ಅಳೆಯುವ ರೂಢಿಯನ್ನು ನಮ್ಮ ಹಿರಿಯರು ಕಲಿತದ್ದು ಅದರಿಂದಲೇ.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ವಿಶಾಖಪಟ್ಟಣ, ಬಳ್ಳಾರಿ, ಮಂಗಳೂರು ಈ ಮೂರೂ ಊರುಗಳು ಅಂದು ಒಂದೇ ಮದರಾಸು ಸರ್ಕಾರದ ಆಡಳಿತದಲ್ಲಿದ್ದುವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಅದೇ ದಿನ ಬಳ್ಳಾರಿ ಮೈಸೂರಿಗೆ ಸೇರಿತು. ದಕ್ಷಿಣ ಕನ್ನಡ ಬಂದದ್ದು 1956ರ ನವೆಂಬರ್ 1ಕ್ಕೆ. ಆದುದರಿಂದ ಬಳ್ಳಾರಿಯ ನಮ್ಮ ಅಜ್ಜಂದಿರೂ ಒನ್ ಟೌನಿನ ನೆರೆಯ ತೆಲುಗು ತಾತಂದಿರೂ ಶಾಲೆಯಲ್ಲಿ ಕಲಿತದ್ದು ಒಂದೇ ಇಲಾಖೆಯ ಪಾಠ. ಧಾರವಾಡದ ಕಡೆಯವರು ಮುಂಬಯಿ ಸರ್ಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳಿಗೆ ಕೂತರು. ಪ್ರಾಂತ ಬೇರೆಯಾದರೂ ಹೂಜಿ ಮಾತ್ರ ಒಂದೇ.

ಮಗುವನ್ನು ಮುಂದಿಟ್ಟವರು

ಇನ್ನೊಂದು ದಾರಿಯೂ ಇತ್ತು. ಜರ್ಮನಿಯ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದರು. ಇಂದು ನಾವು ಕಿಂಡರ್‌ಗಾರ್ಟನ್ ಎನ್ನುವುದು ಅಲ್ಲಿಂದ ಬೆಳೆದು ಬಂದದ್ದು. ಮರದ ಚೆಂಡು, ಘನ, ಕಡ್ಡಿಗಳನ್ನು ಮಕ್ಕಳ ಕೈಗೆ ಕೊಟ್ಟು, ಕಾಗದ ಮಡಿಸುವುದು, ಪಟ್ಟಿ ಹೆಣೆಯುವುದು, ಮಣ್ಣು ಮೆತ್ತುವುದು, ಚೌಕಳಿ ಗೆರೆಗಳ ಹಲಗೆಯ ಮೇಲೆ ವಿನ್ಯಾಸ ಬರೆಯುವುದು, ಇವನ್ನೇ ಅವರು ಪಾಠವೆಂದು ಇಟ್ಟರು. ಇದನ್ನು ಓದುವಾಗ ನಮಗೆ ನೆನಪಾದದ್ದು ನಮ್ಮ ಮನೆಯ ಹೊಸಿಲು. ಚುಕ್ಕಿಗಳನ್ನು ಲೆಕ್ಕವಾಗಿ ಇಟ್ಟು, ಎಳೆಯನ್ನು ಅವುಗಳ ಸುತ್ತ ಸುತ್ತಿಸಿ ರಂಗೋಲಿ ಬಿಡಿಸುವಾಗ ನಮ್ಮ ತಾಯಂದಿರು ಮಾಡುತ್ತಿದ್ದದ್ದು ಇದೇ ಕೆಲಸವಲ್ಲವೇ? ಅದನ್ನು ಯಾರೂ ಪಾಠವೆನ್ನಲಿಲ್ಲ, ಆದ್ದರಿಂದ ಅದು ಶಾಲೆಯ ಒಳಗೆ ಬರಲಿಲ್ಲ.

ವಿಯೆನ್ನಾ ನಗರದ ಫ್ರಾನ್ಸ್ ಚಿಝೆಕ್ 1897ರಲ್ಲಿ ಮಕ್ಕಳಿಗಾಗಿಯೇ ಚಿತ್ರಕಲೆಯ ತರಗತಿ ತೆರೆದು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಮಗುವಿನ ಚಿತ್ರ ದೊಡ್ಡವರ ಚಿತ್ರದ ಅರೆಬೆಂದ ರೂಪವಲ್ಲ, ಅದಕ್ಕೆ ಅದರದೇ ನಿಯಮವುಂಟು ಎಂಬುದು ಅವರ ವಾದ. ಮನೆಗಿಂತ ಅಮ್ಮನನ್ನು ದೊಡ್ಡದಾಗಿ ಬರೆಯುವ ಮಗುವಿಗೆ ಅಳತೆ ಗೊತ್ತಿಲ್ಲವೆಂದಲ್ಲ. ಅದರ ಲೆಕ್ಕದಲ್ಲಿ ಅಮ್ಮನೇ ದೊಡ್ಡವಳು.

ಆಂಧ್ರದ ನೆಲದಲ್ಲಿಯೂ ಇಂಥ ಕಣ್ಣುಳ್ಳವರು ಬಂದರು. ರಾಜಮಹೇಂದ್ರಿಯ ಸರ್ಕಾರಿ ಕಾಲೇಜಿನ ಪ್ರಿನ್ಸಿಪಾಲರಾಗಿ 1909ರಿಂದ 1919ರವರೆಗೆ ಇದ್ದ ಆಸ್ವಾಲ್ಡ್ ಕೂಲ್ಡ್ರೆ ಎಂಬ ಆಂಗ್ಲರು ಚಿತ್ರಕಲೆಯ ಅಧ್ಯಾಪಕರಲ್ಲ. ಆದರೆ ಸ್ವತಃ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದರು. ದಾಮೆರ್ಲ ರಾಮರಾವ್ ಎಂಬ ಹುಡುಗನ ಕೈಯನ್ನು ಗುರುತಿಸಿ, 1916ರಲ್ಲಿ ಅವನು ಮುಂಬಯಿಯ ಜೆ. ಜೆ. ಶಾಲೆ ಸೇರಲು ನೆರವಾದವರು ಅವರೇ. 1897ರಲ್ಲಿ ಹುಟ್ಟಿದ ರಾಮರಾವ್ 1925ರಲ್ಲಿ, ಇಪ್ಪತ್ತೆಂಟು ತುಂಬುವ ಮೊದಲೇ ತೀರಿಕೊಂಡರು. ಅಷ್ಟರೊಳಗೆ ಅವರು ರಾಜಮಹೇಂದ್ರಿಯಲ್ಲಿ ಒಂದು ಚಿತ್ರಕಲಾಶಾಲೆಯನ್ನು ಕಟ್ಟಿ, ಆಂಧ್ರದ ಹೊಸ ಚಿತ್ರಕಲೆಗೆ ಮೊದಲಿಗರೆನಿಸಿದ್ದರು. ಇತ್ತ ಮಚಲೀಪಟ್ಟಣದಲ್ಲಿ ಕೋಪಲ್ಲೆ ಹನುಮಂತರಾಯರು 1910ರಲ್ಲಿ ಸ್ಥಾಪಿಸಿದ ಆಂಧ್ರ ಜಾತೀಯ ಕಲಾಶಾಲೆಯಲ್ಲಿ ಕೈಕಸುಬು ಮತ್ತು ಚಿತ್ರಕಲೆ ಪುಸ್ತಕದ ಓದಿನ ಪಕ್ಕದಲ್ಲೇ ಕೂತವು. ಬಂಗಾಳದ ಪ್ರಮೋದ್ ಕುಮಾರ್ ಚಟ್ಟೋಪಾಧ್ಯಾಯರು ಅಲ್ಲಿ ಚಿತ್ರಕಲೆ ಕಲಿಸಿದರು. ಮುಂದೆ ತೆಲುಗಿನ ಹೆಸರಾಂತ ಲೇಖಕರೂ ಚಿತ್ರಕಾರರೂ ಆದ ಅಡಿವಿ ಬಾಪಿರಾಜು ಅವರ ಶಿಷ್ಯರು.

ನಮ್ಮ ಕಡೆಯೂ ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು 1919ರಲ್ಲಿ ಕಲಾಮಂದಿರವನ್ನು ಆರಂಭಿಸಿ ಸರ್ಕಾರದ ಕೈ ಕಾಯದೆ ಚಿತ್ರಕಲೆ ಕಲಿಸಿದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲವನವನ್ನು ಕಟ್ಟಿ, ಮಕ್ಕಳು ಆಡುತ್ತ, ಕುಣಿಯುತ್ತ, ಚಿತ್ರ ಬರೆಯುತ್ತ ಕಲಿಯಬೇಕೆಂದು ಪ್ರಯೋಗಗಳನ್ನು ನಡೆಸಿದರು. ಆ ದಿನಗಳಲ್ಲೇ ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನು ಬರೆದು, ಲೋಕದ ಸಂಗತಿಗಳನ್ನು ಕನ್ನಡದಲ್ಲಿ ಅವರ ಮುಂದಿಟ್ಟರು. ಮಗುವಿನ ಕೈಗೆ ಕೆಲಸ, ಕಿವಿಗೆ ತಾಯ್ನುಡಿ, ಈ ಎರಡನ್ನೂ ಒಬ್ಬರೇ ಒಟ್ಟಿಗೆ ಹಿಡಿದದ್ದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಾಣದು.

ಇದೇ ಎರಡು ಮಾತುಗಳು 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದ ನಿರ್ಣಯದಲ್ಲಿ ಅಕ್ಕಪಕ್ಕದಲ್ಲಿ ನಿಂತುವು. ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಆ ಸಭೆ ಏಳು ವರ್ಷಗಳ ಉಚಿತ ಕಡ್ಡಾಯ ಶಿಕ್ಷಣ ಬೇಕೆಂದಿತು. ಅದು ತಾಯ್ನುಡಿಯಲ್ಲಿ ನಡೆಯಬೇಕೆಂದಿತು. ಅದರ ನಡುವೆ ಕೈಯ ಕೆಲಸವೊಂದು ಇರಬೇಕೆಂದಿತು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮವನ್ನು ರಚಿಸಿತು, ಅದರಲ್ಲಿ ಚಿತ್ರಕಲೆಗೂ ಸ್ಥಾನವಿತ್ತು. ಹೊರನಾಡಿನಲ್ಲಿರುವ ನಮಗೆ ಈ ನಿರ್ಣಯ ಹಳೆಯ ಕಾಗದವಲ್ಲ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಟಿ.ವಿ.ಯಲ್ಲಿ ಹಿಂದಿ ಎಂದು ಹಂಚಿಹೋದ ನಮ್ಮ ಮಕ್ಕಳಿಗೆ ಕನ್ನಡ ಉಳಿದಿರುವುದು ಊಟದ ಹೊತ್ತಿನ ನಾಲ್ಕು ಮಾತಿಗೆ. ಕೈಗೆ ಕೆಲಸವಿಲ್ಲದ ಮಾತು ಬೇಗ ಬಡವಾಗುತ್ತದೆ.

ವೇಳಾಪಟ್ಟಿಯಲ್ಲಿ ಇದ್ದು ತರಗತಿಯಲ್ಲಿ ಇಲ್ಲದ್ದು

ಸ್ವಾತಂತ್ರ್ಯ ಬಂದ ಮೇಲೆ ಒಳ್ಳೆಯ ಕೆಲಸಗಳಾದವು. ವ್ಯಂಗ್ಯಚಿತ್ರಕಾರ ಶಂಕರ್ ಅವರು 1949ರಲ್ಲಿ ಆರಂಭಿಸಿದ ಮಕ್ಕಳ ಚಿತ್ರಸ್ಪರ್ಧೆ ಬೇಗನೆ ದೇಶವಿದೇಶದ ಮಕ್ಕಳನ್ನು ಸೆಳೆಯಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬುದನ್ನು ಶಾಲೆಗಳಿಗೆ ತಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಹತ್ತನೆಯ ತರಗತಿಯವರೆಗೂ ಒಂದು ವಿಷಯವಾಗಿಯೇ ಕಲಿಸಬೇಕೆಂದಿತು. 2020ರ ಶಿಕ್ಷಣ ನೀತಿ ಎಲ್ಲ ವಿಷಯಗಳೊಡನೆ ಕಲೆಯನ್ನು ಬೆರೆಸಬೇಕೆಂದಿತು. ಕಾಗದದ ಮೇಲೆ ಕೊರತೆಯಿಲ್ಲ. ಆದರೆ ಪರೀಕ್ಷೆ ಹತ್ತಿರ ಬಂದಾಗ ಮೊದಲು ಸಾಲ ಕೊಡುವುದು ಡ್ರಾಯಿಂಗ್ ಪೀರಿಯಡ್ಡು, ಸಾಲ ಪಡೆಯುವುದು ಗಣಿತ. ಆ ಸಾಲ ತೀರಿದ್ದನ್ನು ನಾವು ಕಂಡಿಲ್ಲ. ಕಚೇರಿಯಲ್ಲಿ ಖರ್ಚಾಗದೆ ಉಳಿದ ಬಾಬ್ತನ್ನು ಇನ್ನೊಂದು ಬಾಬ್ತಿಗೆ ವರ್ಗಾಯಿಸುವುದನ್ನು ಬಲ್ಲ ನಮಗೆ ಈ ವ್ಯವಹಾರ ಚೆನ್ನಾಗಿಯೇ ಅರ್ಥವಾಗುತ್ತದೆ.

ಈ ಚರಿತ್ರೆಯಿಂದ ನಾವು ತಿಳಿದುಕೊಂಡದ್ದು ಇಷ್ಟು. ನಮ್ಮ ಇಪ್ಪತ್ತಾರು ಗಣಪತಿಗಳ ತಪ್ಪು ನಮ್ಮ ಕಾಲದ ತಪ್ಪಲ್ಲ, ನೂರೈವತ್ತು ವರ್ಷದ ಹೂಜಿಯದು. ಅದನ್ನು ಬಿಟ್ಟು ನಡೆದವರೆಲ್ಲ ಮೂರು ಕೆಲಸ ಮಾಡಿದ್ದಾರೆ. ಹತ್ತಿರ ಸಿಗುವ ವಸ್ತುವನ್ನು ತೆಗೆದುಕೊಂಡರು. ಒಂದು ಸಲಕ್ಕೆ ಒಂದೇ ಕೆಲಸ ಕಲಿಸಿದರು. ಕೊನೆಯ ನಿರ್ಧಾರವನ್ನು ಮಗುವಿಗೆ ಬಿಟ್ಟರು. ಒಂದು ವಸ್ತು, ಒಂದು ಕೆಲಸ, ಒಂದು ನಿರ್ಧಾರ, ಇದನ್ನೇ ನಮ್ಮ ಭಾನುವಾರದ ಸೂತ್ರವಾಗಿ ಇಟ್ಟುಕೊಂಡೆವು. ಇದಕ್ಕೆ ನಾಲ್ಕನೆಯದನ್ನು ನಾವೇ ಸೇರಿಸಿದೆವು: ಆ ಕೆಲಸದ ಕನ್ನಡ ಮಾತುಗಳು.

ನಾವು ಮಾಡಿ ನೋಡಿದ ನಾಲ್ಕು ಪಾಠಗಳು

ಮೊದಲನೆಯದು ಚುಕ್ಕಿ. ಸ್ಲೇಟು, ಬಳಪ ಸಾಕು. ನಾಲ್ಕು ಸಾಲು, ಸಾಲಿಗೆ ನಾಲ್ಕು ಚುಕ್ಕಿ. ಎಳೆ ಎಲ್ಲಿಂದ ಹೊರಟರೂ ಚುಕ್ಕಿಯನ್ನು ಮುಟ್ಟದೆ ಸುತ್ತಿ ಹೊರಟಲ್ಲಿಗೇ ಬರಬೇಕೆಂಬುದೊಂದೇ ನಿಯಮ. ಉಳಿದದ್ದು ಮಗುವಿನ ಇಷ್ಟ. ತೆಲುಗಿನಲ್ಲಿ ರಂಗೋಲಿಗೆ ಮುಗ್ಗು ಎನ್ನುತ್ತಾರೆ, ಚುಕ್ಕಿಗೆ ಚುಕ್ಕ ಎನ್ನುತ್ತಾರೆ. ಈ ಮಾತು ಬಂದಾಗ ಮಕ್ಕಳು ತಾವೇ ಎರಡೂ ಭಾಷೆಗಳ ಜೋಡಿಪದಗಳನ್ನು ಹುಡುಕತೊಡಗಿದರು. ಹುಡುಗರು ಇದು ಹೆಣ್ಣುಮಕ್ಕಳ ಕೆಲಸವೆಂದು ಮೊದಲು ಮೂಗು ಮುರಿದರು. ಎಂಟು ಚುಕ್ಕಿಯ ಲೆಕ್ಕ ತಪ್ಪಿದಾಗ ಅವರಿಗೇ ಹಟ ಹತ್ತಿತು.

ಎರಡನೆಯದು ಅರಿಶಿನದ ಕಾಗದ. ಬಿ.ಎಸ್ಸಿ. ಓದುವಾಗ ಲಿಟ್ಮಸ್ ಕಾಗದ ಹಿಡಿದ ನೆನಪು ಇಲ್ಲಿ ಕೆಲಸಕ್ಕೆ ಬಂತು. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿಯ ಕಾಗದಕ್ಕೆ ಬಳಿದು ಒಣಗಿಸುವುದು. ಎಲೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿ ಬಸಿದು, ಹತ್ತಿ ಸುತ್ತಿದ ಕಡ್ಡಿಯಿಂದ ಆ ಕಾಗದದ ಮೇಲೆ ಬರೆದರೆ ಗೆರೆ ಕೆಂಪಾಗಿ ಮೂಡುತ್ತದೆ. ನಿಂಬೆಯ ರಸ ತಾಗಿಸಿದರೆ ಮತ್ತೆ ಹಳದಿ. ಅರಿಶಿನದ ಬಣ್ಣದ ಅಂಶ ಕ್ಷಾರದಲ್ಲಿ ಕೆಂಪಾಗುತ್ತದೆ, ಆಮ್ಲದಲ್ಲಿ ಹಳದಿಗೆ ಮರಳುತ್ತದೆ. ಆರತಿಯ ತಟ್ಟೆಯ ಓಕುಳಿಗೆ, ಕೆಲವರ ಮನೆಯ ಮಾತಿನಲ್ಲಿ ಕುರ್ದಿ ನೀರಿಗೆ, ಬಣ್ಣ ಬರುವುದೂ ಹೀಗೆಯೇ ಎಂದಾಗ, "ನಮ್ಮಜ್ಜಿಗೆ ಇದು ಗೊತ್ತಾ?" ಎಂದು ಒಬ್ಬ ಹುಡುಗ ಕೇಳಿದ. ಆ ಸಂಜೆ ಅವನು ಊರಿಗೆ ಫೋನು ಮಾಡಿ ಅಜ್ಜಿಯೊಡನೆ ಅರ್ಧ ಗಂಟೆ ಕನ್ನಡದಲ್ಲಿ ಮಾತನಾಡಿದನಂತೆ. ಸುಣ್ಣದ ನೀರು ಕಣ್ಣಿಗೆ ತಾಗದಂತೆ ದೊಡ್ಡವರೊಬ್ಬರು ಹತ್ತಿರ ನಿಂತಿರಬೇಕು.

ಮೂರನೆಯದು ಬೊಂಬೆ. ನವರಾತ್ರಿಗೆ ನಾವು ಬೊಂಬೆ ಕೂರಿಸುತ್ತೇವೆ; ಇಲ್ಲಿಯ ಅನೇಕ ಮನೆಗಳಲ್ಲಿ ಸಂಕ್ರಾಂತಿಗೆ ಬೊಮ್ಮಲ ಕೊಲುವು ಇಡುತ್ತಾರೆ. ಚನ್ನಪಟ್ಟಣದ ಬೊಂಬೆಯೊಂದನ್ನೂ ಏಟಿಕೊಪ್ಪಾಕದ ಬೊಂಬೆಯೊಂದನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟೆವು. ಏಟಿಕೊಪ್ಪಾಕ ವರಾಹ ನದಿಯ ದಂಡೆಯ ಹಳ್ಳಿ, ಈಗ ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಬೆಂಗಳೂರಿನಿಂದ ಚನ್ನಪಟ್ಟಣ ಎಷ್ಟು ದೂರವೋ ವಿಶಾಖಪಟ್ಟಣದಿಂದ ಅದೂ ಹೆಚ್ಚುಕಡಮೆ ಅಷ್ಟೇ ದೂರ, ಸುಮಾರು 60 ಕಿಲೋಮೀಟರು. ಎರಡೂ ಕಡೆ ಮರವನ್ನು ಲೇತಿಗೆ ಕಟ್ಟಿ ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಚನ್ನಪಟ್ಟಣದವರು ಆಲೆ ಮರವೆನ್ನುವುದನ್ನು ಏಟಿಕೊಪ್ಪಾಕದವರು ಅಂಕುಡು ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಹೆಸರು, ರೈಟಿಯಾ ಟಿಂಕ್ಟೋರಿಯಾ. ಊರು ಬೇರೆ, ಮಾತು ಬೇರೆ, ಮರ ಒಂದೇ.

ನಮ್ಮ ಕೊಠಡಿಯಲ್ಲಿ ಲೇತು ತರುವಂತಿಲ್ಲ. ಅದಕ್ಕೆ ವಿಜಯವಾಡದ ಕಡೆಯ ವಿದ್ಯೆಯನ್ನು ಎರವಲು ಪಡೆದೆವು. ವಿಜಯವಾಡದಲ್ಲಿಯೂ ಒಂದು ಒನ್ ಟೌನ್ ಇದೆ. ಅಲ್ಲಿಂದ ಕೊಂಡಪಲ್ಲಿ ದೂರವಿಲ್ಲ. ಕೊಂಡಪಲ್ಲಿಯವರು ತೆಲ್ಲ ಪೊಣಿಕಿ ಎಂಬ ಹಗುರವಾದ ಮರದಲ್ಲಿ ಬೊಂಬೆಯ ಅಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಸೆ ಬೀಜದ ಅಂಟಿಗೆ ಮರದ ಪುಡಿ ಕಲಸಿದ ಮಕ್ಕು ಎಂಬ ಮುದ್ದೆಯಿಂದ ಅವನ್ನು ಕೂಡಿಸುತ್ತಾರೆ. ಮರ ಬಿಟ್ಟು ಆ ಮುದ್ದೆಯನ್ನಷ್ಟೇ ತೆಗೆದುಕೊಂಡೆವು. ಹುಣಸೆ ಬೀಜವನ್ನು ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಕುದಿಸಿದರೆ ಅಂಟು ಸಿದ್ಧ. ಬಡಗಿಯ ಅಂಗಡಿಯವರು ಮರದ ಪುಡಿಯನ್ನು ಪುಕ್ಕಟೆಯಾಗಿ ಕೊಟ್ಟರು. ಒಂದೊಂದು ಮಗುವಿಗೆ ನಿಂಬೆಹಣ್ಣಿನಷ್ಟು ಮುದ್ದೆ ಕೊಟ್ಟು, ನಿಮ್ಮ ಮನೆಗೆ ಬರುವ ಯಾರಾದರೂ ಒಬ್ಬರ ಬೊಂಬೆ ಮಾಡಿ ಎಂದೆವು. ಹಾಲಿನವನು ಬಂದ, ಇಸ್ತ್ರಿಯವನು ಬಂದ, ಮೀನಿನ ಬುಟ್ಟಿ ಹೊತ್ತ ಅಮ್ಮ ಬಂದಳು. ಒಣಗುವಾಗ ಕೆಲವು ಬಿರುಕು ಬಿಟ್ಟುವು, ಅದನ್ನೂ ಬಚ್ಚಿಡುವುದಿಲ್ಲ. ಮುದ್ದೆಯಲ್ಲಿ ನೀರು ಹೆಚ್ಚಾಗಿತ್ತು.

ನಾಲ್ಕನೆಯದು ಸಮುದ್ರ. ಇಲ್ಲಿ ಕಲಿಸುವುದು ಬಣ್ಣ ಹಚ್ಚುವುದನ್ನಲ್ಲ, ನೋಡುವುದನ್ನು. ಕಡಲ ದಂಡೆಯ ಊರಿನ ಮಕ್ಕಳಾದರೂ ಸಮುದ್ರ ಬರೆಯೆಂದರೆ ಪೆಟ್ಟಿಗೆಯಲ್ಲಿನ ನೀಲಿಯನ್ನು ತೆಗೆದು ಬಳಿಯುತ್ತಾರೆ. ಒಂದು ಭಾನುವಾರ ಕೋಸ್ಟಲ್ ಬ್ಯಾಟರಿಯ ಬಳಿ ಕೂರಿಸಿ, ನೀರಿನಲ್ಲಿ ಎಷ್ಟು ಬಣ್ಣ ಕಾಣುತ್ತದೆ ಎಣಿಸಿ ಎಂದೆವು. ಬೂದಿ, ಹಸಿರು, ಮಣ್ಣಿನ ಬಣ್ಣ, ಬೆಳ್ಳಿ, ಎಣ್ಣೆಯ ಜಿಡ್ಡಿನ ಮೇಲೆ ಕಾಮನಬಿಲ್ಲು. ಏಳರವರೆಗೆ ಎಣಿಸಿದವರುಂಟು. ಆಗ ಅವರಿಗೆ ಸಿ. ವಿ. ರಾಮನ್ ಅವರ ಕಥೆ ಹೇಳಿದೆವು. 1888ರಲ್ಲಿ ಹುಟ್ಟಿದ ರಾಮನ್ ನಾಲ್ಕು ವರ್ಷದ ಕೂಸಾಗಿದ್ದಾಗ, ಅವರ ತಂದೆಗೆ ಇಲ್ಲಿಯ ಮಿಸೆಸ್ ಎ.ವಿ.ಎನ್. ಕಾಲೇಜಿನಲ್ಲಿ ಅಧ್ಯಾಪಕ ಕೆಲಸ ಸಿಕ್ಕಿ ಸಂಸಾರ ವಿಶಾಖಪಟ್ಟಣಕ್ಕೆ ಬಂತು. ರಾಮನ್ ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿದ್ದು ಇದೇ ಸೇಂಟ್ ಅಲೋಷಿಯಸ್ ಶಾಲೆಯಿಂದ. 1907ರಲ್ಲಿ ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆ ಸೇರಿದ ಅವರು, ಹಗಲು ಲೆಕ್ಕಪತ್ರ ನೋಡುತ್ತ ಬಿಡುವಿನಲ್ಲಿ ಪ್ರಯೋಗ ನಡೆಸಿದರು. ಹತ್ತು ವರ್ಷದ ಮೇಲೆ ಕೆಲಸ ಬಿಟ್ಟು ಪ್ರಾಧ್ಯಾಪಕರಾದರು. 1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ತಡೆದು ನಿಲ್ಲಿಸಿತು. ಸಮುದ್ರ ನೀಲಿಯಾಗಿರುವುದು ಆಕಾಶದ ಪ್ರತಿಬಿಂಬದಿಂದ ಎಂದು ದೊಡ್ಡವರು ಹೇಳಿದ್ದನ್ನು ಅವರು ಒಪ್ಪಲಿಲ್ಲ. ಒಂದು ಪಟ್ಟಕದಿಂದ ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. 1930ರ ನೊಬೆಲ್ ಬಹುಮಾನದತ್ತ ನಡೆದ ದಾರಿ ಅಲ್ಲಿಂದಲೇ ಸಾಗಿತು. 1933ರಿಂದ 1970ರಲ್ಲಿ ತೀರಿಕೊಳ್ಳುವವರೆಗೂ ಅವರು ಬೆಂಗಳೂರಿನವರಾಗಿಯೇ ಬಾಳಿದರು. ಒನ್ ಟೌನಿನ ಹುಡುಗನೊಬ್ಬ ನಮ್ಮೂರಿಗೆ ಹೋದ, ನಾವು ಅವನೂರಿಗೆ ಬಂದೆವು ಎಂದರೆ ಮಕ್ಕಳು ನಕ್ಕರು.

ಗಂಟೆಯ ಲೆಕ್ಕ

ಬೇರೆ ಊರುಗಳ ಸಂಘದವರಿಗೆ ಉಪಯೋಗವಾದೀತೆಂದು ನಮ್ಮ ಗಂಟೆಯ ಹಂಚಿಕೆಯನ್ನು ಬರೆಯುತ್ತೇವೆ. ಮೊದಲ ಹತ್ತು ನಿಮಿಷ ವಸ್ತುವನ್ನು ತೋರಿಸಿ, ಮುಟ್ಟಿಸಿ, ಅದರ ಕನ್ನಡ ಹೆಸರು ಹೇಳುವುದು. ಮೂವತ್ತು ನಿಮಿಷ ಕೆಲಸ. ಆಮೇಲೆ ಹತ್ತು ನಿಮಿಷ ಎಲ್ಲರ ಕೆಲಸವನ್ನು ನೆಲದ ಮೇಲೆ ಸಾಲಾಗಿಟ್ಟು, ತನ್ನದರ ಬಗ್ಗೆ ಪ್ರತಿಯೊಂದು ಮಗುವೂ ಎರಡು ಮಾತು ಕನ್ನಡದಲ್ಲಿ ಹೇಳುವುದು, ತಪ್ಪಾದರೆ ನಗಬಾರದು. ಕೊನೆಯ ಹತ್ತು ನಿಮಿಷ ಮಕ್ಕಳೇ ಗುಡಿಸಿ ಒರೆಸುವುದು. ಕೊಠಡಿ ಕೊಟ್ಟ ಶಾಲೆಯವರ ಮುಖ ಕೆಡಬಾರದು. ಐದೈದು ಮಕ್ಕಳ ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಒಂದು ದೊಡ್ಡ ಮಗು, ಒಂದು ತೀರ ಚಿಕ್ಕದು ಇರುವಂತೆ ನೋಡಿಕೊಳ್ಳಬೇಕು. ಹಳೆಯ ಕ್ಯಾಲೆಂಡರಿನ ಹಿಂಬದಿ ಒಳ್ಳೆಯ ಕಾಗದ. ಬಹುಮಾನ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ಚಿತ್ರದ ಮೇಲೆ ದೊಡ್ಡವರು ತಮ್ಮ ಕೈಯಿಂದ ಒಂದು ಗೆರೆಯನ್ನೂ ಎಳೆಯಕೂಡದು. ಈ ನಿಯಮವನ್ನು ಹೆಚ್ಚು ಸಲ ಮುರಿದವರು ನಾವೇ ಎಂದು ಒಪ್ಪಿಕೊಳ್ಳುತ್ತೇವೆ.

ಈ ಸಲದ ಚೌತಿಗೆ ಮತ್ತೆ ಗಣಪತಿಯನ್ನೇ ಮಾಡಿಸಿದೆವು, ಆದರೆ ಜೇಡಿಮಣ್ಣಿನಲ್ಲಿ, ಮಾದರಿಯಿಲ್ಲದೆ. ಒಬ್ಬನದು ಮಲಗಿದ ಗಣಪತಿ. ಇನ್ನೊಬ್ಬಳದಕ್ಕೆ ಸೊಂಡಿಲು ನಿಲ್ಲಲೇ ಇಲ್ಲ. ಎರಡು ಸಲ ಬಿದ್ದ ಮೇಲೆ ಅವಳೇ ಅದನ್ನು ಹೊಟ್ಟೆಯ ಮೇಲೆ ಒರಗಿಸಿ, "ಊಟ ಜಾಸ್ತಿ ಆಗಿದೆ, ಅದಕ್ಕೇ ಒರಗಿಸಿಕೊಂಡಿದ್ದಾನೆ" ಎಂದಳು. ಹಿಂದೆ "ಈಗ ಏನ್ ಮಾಡೋದು" ಎಂದು ಕೇಳಿದ್ದ ಹುಡುಗಿಯೇ ಈಕೆ. ಈ ಸಲ ಗಂಟೆ ಮುಗಿದರೂ ಮೇಲೇಳಲಿಲ್ಲ.

ಆದರೆ ಈ ಸಲ ಗಣಪತಿಗಳು ಇಪ್ಪತ್ತಾರಲ್ಲ, ಹನ್ನೊಂದು. ಮಕ್ಕಳು ಒಂದು ತರಗತಿ ಮೇಲೇರಿದಂತೆ ಟ್ಯೂಷನ್ನು ಭಾನುವಾರವನ್ನೂ ತಿನ್ನುತ್ತದೆ. "ಚಿತ್ರ ಬರೆದು ಏನಾಗಬೇಕು?" ಎಂದು ಕೇಳುವ ತಂದೆತಾಯಿಗಳ ಮೇಲೆ ನಮಗೆ ಕೋಪವಿಲ್ಲ. ವರ್ಗಾವಣೆಯ ಬದುಕಿನಲ್ಲಿ ಅಂಕಪಟ್ಟಿಯೊಂದೇ ಎಲ್ಲ ಊರಿನಲ್ಲೂ ಚಲಾವಣೆಯಾಗುವ ನಾಣ್ಯ, ಅದು ನಮಗೂ ಗೊತ್ತು. ಆದರೂ ಒಂದು ಮಾತನ್ನು ಯೋಚಿಸಬೇಕೆಂದು ಬಿನ್ನಹ. ಹುಣಸೆ ಬೀಜದ ಅಂಟು, ಆಲೆ ಮರ, ಓಕುಳಿ, ಎಳೆ, ಬಳಪ, ಈ ಮಾತುಗಳು ಯಾವ ಟ್ಯೂಷನ್ನಿನಲ್ಲೂ ಸಿಗುವುದಿಲ್ಲ. ಇವನ್ನು ಬಲ್ಲ ಅಜ್ಜ ಅಜ್ಜಿಯರು ಇನ್ನು ಎಷ್ಟು ದಿನ ನಮ್ಮ ನಡುವೆ ಇದ್ದಾರು?

ಸಂಘದ ಪ್ರತಿಯೊಂದು ಮನೆಯವರೂ ವರ್ಷದಲ್ಲಿ ಒಂದೇ ಒಂದು ಭಾನುವಾರ ಬಂದು, ತಮಗೆ ಬರುವ ಒಂದು ಕೈಕೆಲಸವನ್ನು ಮಕ್ಕಳಿಗೆ ತೋರಿಸಿದರೆ ಸಾಕು. ಹೂ ಕಟ್ಟುವುದಾದರೂ ಸರಿ, ಬುಟ್ಟಿ ಹೆಣೆಯುವುದಾದರೂ ಸರಿ, ಕಾಗದದ ದೋಣಿಯಾದರೂ ಸರಿ. ನಮಗೆ ಬರುವುದಿಲ್ಲ ಎಂದು ಹಿಂಜರಿಯುವವರಿಗೆ ನಮ್ಮ ಇಪ್ಪತ್ತಾರು ಗಣಪತಿಗಳ ಜೆರಾಕ್ಸು ಪ್ರತಿಯನ್ನು ತೋರಿಸುತ್ತೇವೆ. ಅದಕ್ಕಿಂತ ಕೆಳಗೆ ಹೋಗುವುದು ಕಷ್ಟ. ಮುಂದಿನ ತಿಂಗಳ ಮೊದಲ ಭಾನುವಾರದ ಗಂಟೆ ಖಾಲಿಯಿದೆ.